ಬದುವಿನ ಸಾಲಿನ ಸೊಪ್ಪು

ಇಂದು ಬೆಳಿಗ್ಗೆ ಶಿಡ್ಲಘಟ್ಟದ ಬಳಿಯ ನಮ್ಮ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಾಗ, ಬದುವಿನ ಕಡೆಯ ಸಾಲಿನ ಎಲೆಗಳ ಮೇಲೆ ಒಣಗಿದ ಸಣ್ಣ ಬಿಳಿ ಚುಕ್ಕೆಗಳು ಕಂಡವು. ಪಕ್ಕದ ಎಲೆಕೋಸಿಗೆ ನಿನ್ನೆ ಸಂಜೆ ಹುಳು ಕೊಲ್ಲುವ ಬಿ.ಟಿ. ಪುಡಿಯನ್ನು ನೀರಿಗೆ ಕಲಸಿ ಹೊಡೆದಿದ್ದರು.

"ಆ ಸಾಲು ಮುಟ್ಟಬೇಡಮ್ಮ, ಹುಳು ಈಗಷ್ಟೇ ನಾಲ್ಕನೇ ಜ್ವರ ಎದ್ದಿದೆ" ಎಂದರು ಚಿಕ್ಕಪ್ಪ. ರೇಷ್ಮೆಹುಳು ಪೊರೆ ಕಳಚುವುದನ್ನೇ ನಾವು ಜ್ವರ ಎನ್ನುತ್ತೇವೆ.

ಬಿ.ಟಿ. ಎಂದರೆ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಮಣ್ಣಿನಲ್ಲಿ ಸಹಜವಾಗಿಯೇ ಇರುವ ಕೋಲಿನಾಕಾರದ ಬ್ಯಾಕ್ಟೀರಿಯಾ. ಆಹಾರ ತೀರಿದಾಗ ಅದು ಗಟ್ಟಿ ಕವಚದ ಬೀಜಾಣುವಾಗುತ್ತದೆ; ಆಗಲೇ ಅದರ ಜೊತೆಯಲ್ಲಿ ಒಂದು ಪ್ರೋಟೀನ್ ಹರಳೂ ರೂಪುಗೊಳ್ಳುತ್ತದೆ. ಕಂಬಳಿಹುಳುವಿನ ಕರುಳಿನ ಕ್ಷಾರದಲ್ಲಿ ಕರಗುವ ಈ ಹರಳನ್ನು ಅಲ್ಲಿನ ಜೀರ್ಣರಸಗಳು ಕತ್ತರಿಸಿ ವಿಷವಾಗಿಸುತ್ತವೆ, ಆ ವಿಷ ಕರುಳಿನ ಕೋಶಗಳಿಗೆ ಅಂಟಿ ರಂಧ್ರ ಕೊರೆಯುತ್ತದೆ, ಹುಳು ಮೇಯುವುದನ್ನು ನಿಲ್ಲಿಸಿ ಸಾಯುತ್ತದೆ. ರೇಷ್ಮೆಹುಳುವೂ ಒಂದು ಕಂಬಳಿಹುಳುವೇ. ಮನುಷ್ಯರ ಹೊಟ್ಟೆಯಲ್ಲಿ ಇರುವುದು ಆಮ್ಲ. ಆ ವಿಷ ಅಂಟುವ ಜಾಗವೂ ನಮ್ಮ ಕರುಳಿನಲ್ಲಿಲ್ಲ. ಆದ್ದರಿಂದ ಕೋಸು ತಿನ್ನುವವರಿಗೆ ಭಯವಿಲ್ಲ.

ನನ್ನ ಮನಸ್ಸು ನಿಂತಿದ್ದು ಇದರ ಚರಿತ್ರೆಯಲ್ಲಿ. 1911ರಲ್ಲಿ ಜರ್ಮನಿಯ ಅರ್ನ್ಸ್ಟ್ ಬರ್ಲಿನರ್ ಇದನ್ನು ಹಿಟ್ಟಿನ ಪತಂಗದಲ್ಲಿ ಗುರುತಿಸಿದರು, ಥುರಿಂಜಿಯಾ ಎಂಬ ಪ್ರಾಂತ್ಯದ ಹೆಸರು ಅದಕ್ಕೆ ಉಳಿಯಿತು. ಆದರೆ ಅದಕ್ಕೂ ಹತ್ತು ವರ್ಷ ಮೊದಲು, 1901ರಲ್ಲಿ, ಜಪಾನಿನ ಇಶಿವಾಟ ಶಿಗೆತಾನೆ ಅವರಿಗೆ ಇದು ಸಿಕ್ಕಿದ್ದು ಸತ್ತ ರೇಷ್ಮೆಹುಳುಗಳಲ್ಲಿ. ಕೋಸನ್ನು ಕಾಯುವ ಈ ಜೀವಿ ಮೊದಲು ಕಾಣಿಸಿಕೊಂಡಿದ್ದೇ ನಮ್ಮಂಥವರ ಹುಳುಮನೆಯ ನಷ್ಟದಲ್ಲಿ ಎಂದು ತಿಳಿದಾಗ ಎದೆ ಭಾರವಾಯಿತು.

ನಡುವಿನ ಸಾಲುಗಳಿಂದ ಸೊಪ್ಪು ತಂದು ಹಾಸಿದೆವು. ಹುಳುಗಳು ತಲೆಯೆತ್ತಿ, ಎಲೆಯಂಚನ್ನು ಹಿಡಿದು, ಸರಸರನೆ ಮೇಯತೊಡಗಿದವು.