ನಟ್ ಬೆರಳಲ್ಲೇ ಏರಬೇಕು

ಶಿರಸಿ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಮಷಿನ್ ನಿಂತರೆ ಮನೆಯ ಕೆಲಸವೆಲ್ಲ ನಿಂತಂತೆ. ಮೊನ್ನೆ ಪಕ್ಕದ ಮನೆಯ ಭಾವ ಮೋಟಾರ್ ಕೂರಿಸುವ ಬೋಲ್ಟ್ ಹಿಡಿದು ನಮ್ಮ ಶೆಡ್ಡಿಗೆ ಬಂದ. ನಟ್ ಬಿದ್ದುಹೋಗಿತ್ತು.

"ಭಾವ, ಎಂಟರ ನಟ್ ಇದ್ರೆ ಒಂದು ಕೊಡು. ಮಷಿನ್ ನಿಂತು ಹೋಜು."

ವರ್ನಿಯರ್ ಹಿಡಿದರೆ ಬೋಲ್ಟಿನ ದಪ್ಪ 7.8 ಮಿ.ಮೀ. ತೋರಿಸಿತು. ಎಂ8, ಅಂದರೆ ಮೆಟ್ರಿಕ್ ಅಳತೆಯ 8 ಮಿ.ಮೀ. ಬೋಲ್ಟ್ ಕೂಡ 8ಕ್ಕಿಂತ ಸ್ವಲ್ಪ ಕಡಿಮೆಯೇ ತೋರಿಸುತ್ತದೆ. ಹಾಗಂತ ಅಷ್ಟಕ್ಕೇ ನಂಬಬಾರದು. ಯಾಕೆಂದರೆ ಎರಡೂವರೆ ಸೂತದ ಬೋಲ್ಟೂ ಹೆಚ್ಚುಕಡಿಮೆ ಇಷ್ಟೇ ದಪ್ಪ. ಒಂದು ಸೂತ ಅಂದರೆ ಇಂಚಿನ ಎಂಟನೇ ಒಂದು ಭಾಗ. ಎರಡೂವರೆ ಸೂತ ಅಂದರೆ 5/16 ಇಂಚು, 7.94 ಮಿ.ಮೀ. ಅದರಲ್ಲೂ ಸವೆದ ಬೋಲ್ಟ್ ಆದರೆ ದಪ್ಪ ನೋಡಿ ಏನೂ ಹೇಳುವ ಹಾಗಿಲ್ಲ.

ಗುಟ್ಟು ಇರುವುದು ತ್ರೆಡ್ಡಿನಲ್ಲಿ, ಅಂದರೆ ಬೋಲ್ಟಿನ ಮೈಮೇಲಿನ ಸುರುಳಿ ಗೆರೆಯಲ್ಲಿ. ಎಂ8ರ ಸಾಮಾನ್ಯ ತ್ರೆಡ್ಡಿನಲ್ಲಿ ಒಂದು ಏಣಿನಿಂದ ಮುಂದಿನ ಏಣಿಗೆ 1.25 ಮಿ.ಮೀ. 5/16 ವಿಟ್‌ವರ್ತ್ (ಹಳೇ ಇಂಚಿನ ತ್ರೆಡ್) ಬೋಲ್ಟಿಗೆ ಇಂಚಿಗೆ 18 ತ್ರೆಡ್, ಅಂದರೆ ಸುಮಾರು 1.41 ಮಿ.ಮೀ. ಈ ಅಂತರ ಅಳೆಯುವ ಪಿಚ್ ಗೇಜ್ ಬೇಕೆಂದೇನಿಲ್ಲ. ಮೊದಲ ಏಣಿನಿಂದ ಹನ್ನೊಂದನೇ ಏಣಿನವರೆಗೆ ಅಳೆದರೆ ಸಾಕು. ಎಂ8 ಆದರೆ 12.5 ಬರಬೇಕು. ನಮಗೆ 14ರ ಮೇಲೆ ಬಂತು. ಗೊತ್ತಿರುವ ಎಂ8 ಬೋಲ್ಟೊಂದನ್ನು ಪಕ್ಕಕ್ಕಿಟ್ಟು, ತ್ರೆಡ್ಡಿಗೆ ತ್ರೆಡ್ ಕೂಡಿಸಿ ಬೆಳಕಿಗೆ ಹಿಡಿದೆ. ಎರಡು ಏಣು ಕೂತವು, ಆಮೇಲೆ ಸಂದು ಬಿಟ್ಟಿತು. ಇದು ಎಂ8 ಅಲ್ಲ, ಎರಡೂವರೆ ಸೂತದ್ದು ಅಂತ ಭಾವನಿಗೂ ಕಣ್ಣಾರೆ ಕಂಡಿತು.

ತಲೆಯ ಅಳತೆ ನಂಬಿ ಹೋಗುವವರು ಜಾಸ್ತಿ. ಅದು ಸ್ಪ್ಯಾನರ್ ಆರಿಸಲು ಮಾತ್ರ ಸರಿ. ಎಂ10ರ ತಲೆ ಒಂದರಲ್ಲಿ 17 ಇದ್ದರೆ ಇನ್ನೊಂದರಲ್ಲಿ 16 ಇರುತ್ತದೆ. ಬೋಲ್ಟ್ ಮಾತ್ರ ಅದೇ.

ಜೋಸೆಫ್ ವಿಟ್‌ವರ್ತ್ ಇಂಗ್ಲೆಂಡಿನಲ್ಲಿ ಈ ತ್ರೆಡ್ಡಿನ ಅಳತೆ ಮುಂದಿಟ್ಟದ್ದು 1841ರಲ್ಲಿ. ನಮ್ಮಲ್ಲಿ ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ಆದರೂ ಹಳೇ ಮಷಿನ್ನುಗಳಲ್ಲಿ ಇಂಚಿನ ಬೋಲ್ಟ್ ಇನ್ನೂ ಸಿಗುತ್ತದೆ. ಅದನ್ನು ಕಿತ್ತು ಬಿಸಾಡುವುದು ನನಗೆ ಸರಿ ಕಾಣುವುದಿಲ್ಲ. ಸರಿಯಾದ ನಟ್ ಹಾಕಿದರೆ ಅದು ಇನ್ನೂ ಬಾಳುತ್ತದೆ.

ಡಬ್ಬಿಯಲ್ಲಿ ಎರಡೂವರೆ ಸೂತದ ನಟ್ ಸಿಕ್ಕಿತು. ಬೆರಳಲ್ಲೇ ತಿರುಗಿಸಿದೆ, ಕೊನೆಯವರೆಗೂ ಏರಿತು. ಅದೇ ನಿಜವಾದ ಪರೀಕ್ಷೆ. ಒಂದೆರಡು ಸುತ್ತಿಗೇ ಬಿಗಿಯಾದರೆ ಸ್ಪ್ಯಾನರ್ ಹಾಕಿ ಒತ್ತಲೇಬಾರದು. ತ್ರೆಡ್ ಎರಡೂ ಕಡೆ ಹಾಳಾಗುತ್ತದೆ. ಸುಲಿಯೋ ಮಷಿನ್ ನಡುಗುವ ನಡುಗಿಗೆ ಅಂಥ ನಟ್ ನಿಲ್ಲುತ್ತದಾ? ಮೋಟಾರ್ ಸರಿದರೆ ಬೆಲ್ಟ್ ಹಾರುತ್ತದೆ, ಪಕ್ಕದಲ್ಲಿ ಕೂತವರ ಕೈ ಗತಿ ಏನು?

ಅದಕ್ಕೇ ಭಾವನ ಜೊತೆ ಹೋಗಿ, ಮೇನ್ ಸ್ವಿಚ್ ಆಫ್ ಮಾಡಿಸಿ, ಉಳಿದ ಮೂರು ಬೋಲ್ಟೂ ನೋಡಿದೆ. ಒಂದಕ್ಕೆ ಯಾರೋ ಹಿಂದೆ ಎಂ8 ನಟ್ ತುರುಕಿದ್ದರು. ಆ ಬೋಲ್ಟನ್ನೂ ನಟ್ಟನ್ನೂ ಬದಲಿಸಿದೆವು. ಆಮೇಲೆ ಮೋಟಾರಿನ ಪಕ್ಕ ಪೇಂಟಿನಲ್ಲಿ 'ಎರಡೂವರೆ ಸೂತ' ಅಂತ ಬರೆದೆ. ಮುಂದಿನ ಸಲ ಬಿಚ್ಚುವವರು ಹುಡುಕಾಡುವುದು ಬೇಡ.