ನಡೆಯುವವರಿಗೂ ವಾಹನಕ್ಕೂ ನಡುವೆ ರೇಡಿಯೊ ಕೊಂಡಿ: ಹನ್ನೊಂದು ವಾರಗಳ ಟಿಪ್ಪಣಿ

ಮೊದಲ ವಾರ

ನಮ್ಮ ಚಾರಣದ ಗುಂಪಿನಲ್ಲಿ ಆರು ಜನ ನಡೆಯುತ್ತಾರೆ. ನೀರು, ಔಷಧ, ಹೊದಿಕೆಗಳನ್ನು ಹೊತ್ತ ಎರಡು ವಾಹನಗಳು ಹಿಂದೆ ಮುಂದೆ ಓಡಾಡುತ್ತಿರುತ್ತವೆ. ಮೊಬೈಲ್ ಸಿಗ್ನಲ್ ಸಿಗದ ದಾರಿಗಳೇ ಹೆಚ್ಚು. ಯಾರು ಎಲ್ಲಿದ್ದಾರೆ ಎಂಬುದು ವಾಹನದಲ್ಲಿ ಕುಳಿತವರಿಗೆ ತಿಳಿಯಬೇಕು, ವಾಹನ ಎಷ್ಟು ದೂರದಲ್ಲಿದೆ ಎಂಬುದು ನಡೆಯುವವರಿಗೆ ತಿಳಿಯಬೇಕು. ಬೇಡಿಕೆ ಇಷ್ಟೇ. ಇದಕ್ಕಾಗಿ ಜಿಪಿಎಸ್, ಕಡಿಮೆ ಶಕ್ತಿಯಲ್ಲೇ ದೂರ ತಲುಪುವ ಲೋರಾ ಎಂಬ ಬಗೆಯ ರೇಡಿಯೊ, ಬ್ಯಾಟರಿ ಮೂರನ್ನೂ ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಕೂಡಿಸಿ ಎಲ್ಲರಿಗೂ ಒಂದೊಂದು ಕೊಡುವ ಕೆಲಸಕ್ಕೆ ಕೈಹಾಕಿದ್ದೇನೆ.

ರೇಡಿಯೊಗೆ ಎಸ್‌ಎಕ್ಸ್‌1262 ಚಿಪ್ ಇರುವ ಬೋರ್ಡ್‌ಗಳನ್ನು ಆರಿಸಿಕೊಂಡೆ. ಪರವಾನಗಿ ಬೇಡದ ಆವರ್ತನ ಎಲ್ಲ ಕಡೆ ಒಂದೇ ಅಲ್ಲ: ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್, ಯುರೋಪಿನಲ್ಲಿ 868ರ ಆಸುಪಾಸು, ಅಮೆರಿಕದಲ್ಲಿ 902ರಿಂದ 928. ನನ್ನ ಪೆಟ್ಟಿಗೆಗಳು 866ರಲ್ಲಿವೆ. ಇದನ್ನು ಬೋರ್ಡ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. 433 ಮೆಗಾಹರ್ಟ್ಸ್‌ಗೆಂದು ಮಾಡಿದ ಬೋರ್ಡನ್ನು ಪ್ರೋಗ್ರಾಮ್‌ನಲ್ಲಿ 866ಕ್ಕೆ ತಿರುಗಿಸಿದರೂ ಅದರ ಆಂಟೆನಾ ಸರ್ಕೀಟು ಹಳೆಯ ಆವರ್ತನಕ್ಕೇ ಹೊಂದಿಕೊಂಡಿರುತ್ತದೆ.

ಮೊದಲ ದಿನ ಎರಡು ಪೆಟ್ಟಿಗೆಗಳು ಕೋಣೆಯೊಳಗೆ ಚೆನ್ನಾಗಿ ಮಾತಾಡಿಕೊಂಡವು. ಒಂದನ್ನು ರಸ್ತೆಗೆ ಒಯ್ದ ಕೂಡಲೇ ಮೌನ. ಪ್ರೋಗ್ರಾಮ್ ತಿದ್ದುತ್ತ ಒಂದು ಸಂಜೆ ಕಳೆದ ಮೇಲೆ ಆಂಟೆನಾದ ತಿರುಪು ಬಿಚ್ಚಿ ಬೆಳಕಿಗೆ ಹಿಡಿದೆ. ಬೋರ್ಡಿನ ಕಡೆ ನಡುವೆ ತೂತು; ಆಂಟೆನಾದ ಕಡೆಯೂ ತೂತು. ಸೂಜಿ ಎರಡರಲ್ಲೂ ಇಲ್ಲ! ಬೋರ್ಡಿನದು ಎಸ್‌ಎಂಎ, ಆಂಟೆನಾದ್ದು ಆರ್‌ಪಿ-ಎಸ್‌ಎಂಎ. ಆಂಟೆನಾ ಜೋಡಿಸುವ ಈ ಎರಡು ಬಗೆಯ ಕೊಂಡಿಗಳ ತಿರುಪು ಒಂದಕ್ಕೊಂದು ಸಲೀಸಾಗಿ ಕೂರುತ್ತದೆ, ಆದರೆ ಒಳಗಿನ ತಂತಿಗಳು ಮುಟ್ಟುವುದೇ ಇಲ್ಲ. ಆಂಟೆನಾ ಇಲ್ಲದೆ ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡಿದರೆ ಚಿಪ್ಪಿನ ಪವರ್ ಆಂಪ್ಲಿಫೈಯರ್‌ಗೆ ಪೆಟ್ಟಾಗುವ ಸಾಧ್ಯತೆಯೂ ಇದೆ. ನನ್ನವು ಉಳಿದುಕೊಂಡವು.

ಎರಡನೇ ವಾರ

ಲೋರಾದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ ಎಂಬ ಒಂದು ಹಿಡಿಕೆ ಇದೆ, ಸಂಕೇತವನ್ನು ಎಷ್ಟು ಹೊತ್ತು ಹರಡಿ ಕಳಿಸಬೇಕೆಂದು ಹೇಳುವಂಥದ್ದು; ಈ ಚಿಪ್ಪಿನಲ್ಲಿ 5ರಿಂದ 12ರವರೆಗೆ ತಿರುಗಿಸಬಹುದು. ಒಂದು ಮೆಟ್ಟಿಲು ಏರಿಸಿದರೆ ಸುಮಾರು 2.5 ಡೆಸಿಬಲ್‌ನಷ್ಟು ದುರ್ಬಲ ಸಂಕೇತವನ್ನೂ ಹಿಡಿಯುತ್ತದೆ, ಪ್ರತಿಯಾಗಿ ಪ್ರಸಾರದ ಸಮಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ದೂರ ಬೇಕೆಂಬ ಆಸೆಯಿಂದ ನೇರವಾಗಿ 12ಕ್ಕೆ ಇಟ್ಟೆ, ಜಿಪಿಎಸ್ ಕೊಡುವ ಸುಮಾರು 70 ಅಕ್ಷರಗಳ ಸಾಲನ್ನು ಹಾಗೆಯೇ ಕಳಿಸಿದೆ.

ಲೆಕ್ಕ ಹಾಕಿ ನೋಡಿದರೆ 125 ಕಿಲೋಹರ್ಟ್ಸ್ ಅಗಲದಲ್ಲಿ ಆ ಒಂದು ಸಾಲು ಗಾಳಿಯಲ್ಲಿ ಇರುವುದು ಸುಮಾರು 3 ಸೆಕೆಂಡು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ ಅಷ್ಟರಲ್ಲಿ 50 ಮೀಟರ್ ಮುಂದೆ ಹೋಗಿರುತ್ತದೆ. ನಿಂತ ಹವಾಮಾನ ಪೆಟ್ಟಿಗೆಗೆ ಒಪ್ಪುವ ಹಿಡಿಕೆ ಓಡುವ ವಾಹನಕ್ಕೆ ಒಪ್ಪುವುದಿಲ್ಲ.

ಆದ್ದರಿಂದ ಪ್ಯಾಕೆಟ್ಟನ್ನು, ಅಂದರೆ ಒಮ್ಮೆಗೆ ಕಳಿಸುವ ಮಾಹಿತಿಯ ಕಟ್ಟನ್ನು, 16 ಬೈಟುಗಳಿಗೆ ಇಳಿಸಿದೆ. ಅಕ್ಷಾಂಶಕ್ಕೆ 4, ರೇಖಾಂಶಕ್ಕೆ 4, ಆ ಗಂಟೆಯ ಎಷ್ಟನೇ ಸೆಕೆಂಡು ಎಂಬುದಕ್ಕೆ 2. ಪೆಟ್ಟಿಗೆಯ ಸಂಖ್ಯೆ, ಪ್ಯಾಕೆಟ್ಟಿನ ಸರದಿ ಸಂಖ್ಯೆ, ವೇಗ, ದಿಕ್ಕು, ಬ್ಯಾಟರಿ, ಉಪಗ್ರಹಗಳ ಎಣಿಕೆ ಇವಕ್ಕೆ ತಲಾ ಒಂದು. ಫ್ಯಾಕ್ಟರ್ 9ರಲ್ಲಿ ಇದು 165 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಸಮಯದ ಆ ಎರಡು ಬೈಟುಗಳನ್ನು ಉಳಿಸಬಹುದಲ್ಲವೇ ಎಂದು ಒಮ್ಮೆ ಯೋಚಿಸಿ, ಇರಲಿ ಎಂದು ಬಿಟ್ಟೆ. ಎಂಟನೇ ವಾರದಲ್ಲಿ ಅವೇ ಕೈಹಿಡಿದವು.

ನಾಲ್ಕನೇ ವಾರ

ಈ ವಾರ ಪೂರ್ತಿ ಮನುಷ್ಯ ದೇಹದ ಜೊತೆ ಹೋಯಿತು. ಪೆಟ್ಟಿಗೆಯನ್ನು ಗೋಡೆಯ ಮೇಲಿಟ್ಟರೆ ಒಂದು ಕಿಲೋಮೀಟರ್ ದೂರಕ್ಕೂ ಕೇಳುತ್ತದೆ, ಸೊಂಟಕ್ಕೆ ಕಟ್ಟಿಕೊಂಡು ನಡೆದರೆ ನಾನೂರು ಮೀಟರಿಗೇ ತಡವರಿಸುತ್ತದೆ. ತಂಗಿಯನ್ನು 300 ಮೀಟರ್ ದೂರದಲ್ಲಿ ನಿಲ್ಲಿಸಿದೆ. ಅವಳು 45 ಡಿಗ್ರಿಯಂತೆ ತಿರುಗುತ್ತ, ಪ್ರತಿ ದಿಕ್ಕಿನಲ್ಲೂ ಇಪ್ಪತ್ತು ಪ್ಯಾಕೆಟ್ ಆಗುವವರೆಗೆ ಕದಲದೆ ನಿಂತಳು. ನಾನು ವಾಹನದ ಬಳಿ ಸಿಗ್ನಲ್ ಬಲ ಬರೆದುಕೊಳ್ಳುತ್ತ ಹೋದೆ.

ಪೆಟ್ಟಿಗೆ ಸೊಂಟದ ಮುಂಭಾಗದಲ್ಲಿದ್ದು ಅವಳು ನನ್ನ ಕಡೆ ಮುಖ ಮಾಡಿದಾಗ ಮೈನಸ್ 86 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಬಲ; ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ). ಬೆನ್ನು ಮಾಡಿದಾಗ ಮೈನಸ್ 103. ನಡುವೆ 17 ಡೆಸಿಬಲ್. ಅಡ್ಡಿಯಿಲ್ಲದ ಬಯಲಿನ ಲೆಕ್ಕದಲ್ಲಿ ಇದು ದೂರವನ್ನು ಏಳು ಪಟ್ಟು ಮಾಡಿದಷ್ಟು ನಷ್ಟ. ನೀರು ತುಂಬಿದ ದೇಹ ಈ ಆವರ್ತನವನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ ಎಂಬುದನ್ನು ಓದಿದ್ದೆ. ಆದರೆ ತಂಗಿ ಬೆನ್ನು ತಿರುಗಿಸಿದ ಕ್ಷಣ ಪರದೆಯ ಅಂಕಿ ಕುಸಿಯುವುದನ್ನು ಕಣ್ಣಾರೆ ಕಂಡ ಮೇಲೆ ಅದು ಮನಸ್ಸಿಗೆ ನಾಟಿತು.

ಪೆಟ್ಟಿಗೆಯನ್ನು ಬೆನ್ನುಚೀಲದ ಪಟ್ಟಿಯ ಮೇಲೆ, ಭುಜದ ತುದಿಯಲ್ಲಿ, ಆಂಟೆನಾ ನೇರ ಮೇಲ್ಮುಖವಾಗಿ ನಿಲ್ಲುವಂತೆ ಕಟ್ಟಿ ಮತ್ತೆ ಅಳೆದೆವು: ಮೈನಸ್ 80, ಬೆನ್ನು ಮಾಡಿದಾಗ ಮೈನಸ್ 86. ಪ್ರಸಾರದ ಶಕ್ತಿ ಎರಡು ಸಲವೂ 14 ಡಿಬಿಎಂ, ಅಂದರೆ 25 ಮಿಲಿವಾಟ್. ಶಕ್ತಿ ಹೆಚ್ಚಿಸುವುದಕ್ಕಿಂತ ಒಂದು ಗೇಣು ಮೇಲಕ್ಕೆ ಕಟ್ಟುವುದು ಎಷ್ಟೋ ಮೇಲು. ಆಂಟೆನಾ ಮಲಗದಂತೆಯೂ ನೋಡಿಕೊಳ್ಳಬೇಕು. ವಾಹನದ್ದು ನೆಟ್ಟಗೆ ನಿಂತಿದ್ದು, ನಡೆಯುವವರದು ಅಡ್ಡ ಮಲಗಿದ್ದರೆ ಧ್ರುವೀಕರಣ ಹೊಂದದೆ ಇನ್ನಷ್ಟು ಡೆಸಿಬಲ್ ಸೋರಿಹೋಗುತ್ತದೆ.

ಐದನೇ ವಾರ

ವಾಹನದ ಸರದಿ. ಕಾಲು ತರಂಗದ, ಅಂದರೆ ತರಂಗದ ಉದ್ದದ ನಾಲ್ಕನೇ ಒಂದು ಭಾಗದಷ್ಟಿರುವ, ಆಂಟೆನಾಕ್ಕೆ ಬುಡದಲ್ಲಿ ಲೋಹದ ಹಾಸು ಬೇಕು; ವಾಹನದ ಚಾವಣಿಯೇ ಆ ಹಾಸು, ಅದರ ಮಧ್ಯದಲ್ಲಿ ಅಯಸ್ಕಾಂತದ ಬುಡ ಇಟ್ಟರೆ ಸಾಕು. 866 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗ 86 ಮಿಲಿಮೀಟರಿನಷ್ಟು, ಕೈಬೆರಳಿನ ಉದ್ದ. ತೊಂದರೆ ಇದ್ದದ್ದು ಕೇಬಲ್‌ನಲ್ಲಿ. ಬುಡದ ಜೊತೆ ಬಂದ 3 ಮೀಟರ್ ತೆಳು ಆರ್‌ಜಿ174 ಕೇಬಲ್ ಈ ಆವರ್ತನದಲ್ಲಿ ಮೀಟರಿಗೆ ಸುಮಾರು 1 ಡೆಸಿಬಲ್ ತಿನ್ನುತ್ತದೆ. ಚಾವಣಿಯಿಂದ ಡ್ಯಾಶ್‌ಬೋರ್ಡಿಗೆ ಬರುವಷ್ಟರಲ್ಲಿ ಅರ್ಧ ಶಕ್ತಿ ಖರ್ಚು. ರೇಡಿಯೊವನ್ನೇ ಬಾಗಿಲಿನ ಮೇಲಂಚಿಗೆ ಒಯ್ದು, ಒಂದು ಗೇಣು ಕೇಬಲ್ ಮಾತ್ರ ಉಳಿಸಿ, ಕೆಳಗೆ ವಿದ್ಯುತ್ ಮತ್ತು ಡೇಟಾ ತಂತಿಗಳನ್ನಷ್ಟೇ ಇಳಿಸಿದೆ.

ಎರಡನೇ ವಾಹನದಲ್ಲಿ ಬೇರೆಯದೇ ಕಾಯಿಲೆ. ಸಿಗ್ನಲ್ ಬಲ ಚೆನ್ನಾಗಿದೆ, ಪ್ಯಾಕೆಟ್ಟುಗಳು ಮಾತ್ರ ಕಳೆದುಹೋಗುತ್ತಿವೆ. ಬಲವನ್ನು ಬಿಟ್ಟು ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅಂತರವನ್ನು ಗಮನಿಸಿದಾಗ ಸುಳಿವು ಸಿಕ್ಕಿತು. ಯಾರೂ ಪ್ರಸಾರ ಮಾಡದಿದ್ದಾಗ ಅಲ್ಲಿನ ಹಿನ್ನೆಲೆ ಗದ್ದಲ ಮೈನಸ್ 105 ಡಿಬಿಎಂ. ಮೊದಲ ವಾಹನದಲ್ಲಿ ಮೈನಸ್ 117. ಒಂದೊಂದೇ ಉಪಕರಣ ಕಿತ್ತು ನೋಡುತ್ತ ಹೋದೆ. ಮೊಬೈಲ್ ಚಾರ್ಜರನ್ನು ಸಾಕೆಟ್‌ನಿಂದ ಎಳೆದೆ, ಅಂಕಿ ಥಟ್ಟನೆ ಮೈನಸ್ 117ಕ್ಕೆ ಇಳಿಯಿತು. ಮತ್ತೆ ಚುಚ್ಚಿದೆ, ಏರಿತು. ಮೂರು ಸಲ ಹೀಗೆ ಮಾಡಿ ಖಚಿತಪಡಿಸಿಕೊಂಡೆ. ಚಾರ್ಜರ್ ಬದಲಿಸಿ, ತಂತಿಗೆ ಗದ್ದಲ ತಡೆಯುವ ಫೆರೈಟ್ ಉಂಗುರ ಹಾಕಿದ ಮೇಲೆ ಎರಡೂ ವಾಹನಗಳು ಸಮಸಮ.

ಆರನೇ ವಾರ ಪೆಟ್ಟಿಗೆಗಳ ಬೆಸುಗೆ, ರಬ್ಬರ್ ಸೀಲುಗಳ ಕೆಲಸ. ಬರೆಯುವಂಥದ್ದು ಏನೂ ಇಲ್ಲ.

ಏಳನೇ ವಾರ

ಎಂಟು ಪೆಟ್ಟಿಗೆಗಳನ್ನೂ ಒಟ್ಟಿಗೆ ಚಾಲೂ ಮಾಡಿದ ದಿನ ಐದರಲ್ಲಿ ಒಂದು ಪ್ಯಾಕೆಟ್ ಕಾಣೆಯಾಗತೊಡಗಿತು. ನಡೆಯುವವರು 20 ಸೆಕೆಂಡಿಗೊಮ್ಮೆ, ವಾಹನಗಳು 5 ಸೆಕೆಂಡಿಗೊಮ್ಮೆ, ತಮಗೆ ತೋಚಿದಾಗ ಕಳಿಸುತ್ತಿದ್ದವು. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ಚಾಲನೆಗೆ ಬಂದ ಅಲೋಹಾ ರೇಡಿಯೊ ಜಾಲದ ಲೆಕ್ಕ ಇಲ್ಲಿಗೂ ಸಲ್ಲುತ್ತದೆ: ಗಾಳಿಯನ್ನು ನೂರಕ್ಕೆ ಹನ್ನೊಂದೂವರೆ ಪಾಲು ಬಳಸಿದರೂ ಡಿಕ್ಕಿಯಿಂದ ಸುಮಾರು 20 ಶೇಕಡಾ ನಷ್ಟ. ಕಾಗದದ ಮೇಲಿನ ಉತ್ತರವೂ ನನ್ನ ಎಣಿಕೆಯೂ ಹೊಂದಿಕೊಂಡಾಗ ತುಂಬ ಸಂತೋಷವಾಯಿತು.

ಆದರೆ ನಷ್ಟ ಎಲ್ಲರಿಗೂ ಸಮನಾಗಿ ಬರಲಿಲ್ಲ. ಎರಡು ಪ್ಯಾಕೆಟ್ಟುಗಳು ಡಿಕ್ಕಿಯಾದಾಗ ಬಲವಾದದ್ದು ಹಲವು ಸಲ ಬದುಕಿಕೊಳ್ಳುತ್ತದೆ, ದುರ್ಬಲವಾದದ್ದು ಸಾಯುತ್ತದೆ. ಚಾವಣಿಯ ಮೇಲೆ ಆಂಟೆನಾ ಇರುವ ವಾಹನ ಗೆಲ್ಲುತ್ತದೆ, ದೂರದ ಮರಗಳ ನಡುವೆ ಒಬ್ಬರೇ ನಡೆಯುತ್ತಿರುವವರು ಸೋಲುತ್ತಾರೆ. ಯಾರನ್ನು ನೋಡಿಕೊಳ್ಳಲೆಂದು ಈ ಜಾಲ ಹುಟ್ಟಿತೋ ಅವರ ದನಿಯೇ ಮುಚ್ಚಿಹೋಗುವುದನ್ನು ನಾನು ಒಪ್ಪಲಾರೆ.

ಪರಿಹಾರ ಜಿಪಿಎಸ್‌ನಲ್ಲೇ ಇತ್ತು. ಅದು ಸ್ಥಾನದ ಜೊತೆಗೆ ಪ್ರತಿ ಸೆಕೆಂಡಿಗೆ ಒಂದು ಕರಾರುವಾಕ್ಕಾದ ಮಿಡಿತವನ್ನೂ ಕೊಡುತ್ತದೆ. ಆ ಮಿಡಿತಕ್ಕೆ ಕಟ್ಟಿದಂತೆ 20 ಸೆಕೆಂಡನ್ನು ಕಾಲು ಸೆಕೆಂಡಿನ 80 ಮನೆಗಳಾಗಿ ಭಾಗ ಮಾಡಿದೆ. ನಡೆಯುವವರಿಗೆ ತಲಾ ಒಂದು ಮನೆ, ವಾಹನಕ್ಕೆ ತಲಾ ನಾಲ್ಕು. ಒಟ್ಟು 14 ಮನೆಗಳು ತುಂಬಿದವು, ಉಳಿದವು ಖಾಲಿ. ಡಿಕ್ಕಿ ನಿಂತಿತು.

ವಾಹನ 5 ಸೆಕೆಂಡಿಗೊಮ್ಮೆ ಕಳಿಸಿದರೆ ಗಾಳಿಯ 3.3 ಶೇಕಡಾ ಸಮಯ ಅದೊಂದೇ ಹಿಡಿಯುತ್ತದೆ. ಯುರೋಪಿನ 868.0ರಿಂದ 868.6 ಮೆಗಾಹರ್ಟ್ಸ್ ಪಟ್ಟಿಯಲ್ಲಿ 1 ಶೇಕಡಾ ಎಂಬ ಮಿತಿ ಇದೆ, ಅಂದರೆ ಗಂಟೆಗೆ 36 ಸೆಕೆಂಡು. ಆ ಮಿತಿಯನ್ನು ನಾನೂ ನನ್ನ ಪೆಟ್ಟಿಗೆಗಳಿಗೆ ಹಾಕಿಕೊಂಡೆ. ಈ ಗಾಳಿ ನನ್ನೊಬ್ಬನದಲ್ಲ. ವಾಹನ ಈಗ ತನ್ನ ಹಿಂದಿನ ವೇಗ, ದಿಕ್ಕುಗಳಿಂದ ಉಳಿದವರು ಊಹಿಸುವ ಜಾಗಕ್ಕೂ ತಾನಿರುವ ಜಾಗಕ್ಕೂ 20 ಮೀಟರಿಗಿಂತ ಹೆಚ್ಚು ಅಂತರವಾದಾಗ ಮಾತ್ರ ಕಳಿಸುತ್ತದೆ. ಅದೂ ಇಲ್ಲವಾದರೆ 20 ಸೆಕೆಂಡಿಗೊಂದು. ಗಂಟೆಗೆ 200 ಪ್ಯಾಕೆಟ್ ದಾಟಿದರೆ ಪ್ರೋಗ್ರಾಮ್ ತಾನೇ ತಡೆಯುತ್ತದೆ.

ಎಂಟನೇ ವಾರ

ಮುಸ್ಸಂಜೆ. ತಂಗಿ ಮುಂದಿನ ತಿರುವಿನಿಂದ ವಾಹನದ ಕಡೆ ಹಿಂದಿರುಗಿ ಬರುತ್ತಿದ್ದಳು, ನಾನು ಅವಳ ಕಡೆ ನಿಧಾನವಾಗಿ ಓಡಿಸುತ್ತಿದ್ದೆ. ಪರದೆಯಲ್ಲಿ ಅವಳ ಚುಕ್ಕೆ ತಿರುವಿನಲ್ಲೇ ನಿಂತಿತ್ತು, ದಟ್ಟ ಹಸಿರು. ಅಲ್ಲಿಗೆ ಇನ್ನೂ ದೂರವಿದೆ ಎಂದುಕೊಂಡೆ. ಅಷ್ಟರಲ್ಲಿ ಹೆಡ್‌ಲೈಟಿನ ಬೆಳಕಿನಂಚಿನಲ್ಲಿ, ರಸ್ತೆಯ ಪಕ್ಕದಲ್ಲಿ, ಅವಳು. ಬ್ರೇಕ್ ಹಾಕಿದೆ. ಅಂತರ ಬೇಕಾದಷ್ಟಿತ್ತು, ಏನೂ ಆಗಲಿಲ್ಲ.

“ಅಣ್ಣಾ, ತಿರುವು ಬಿಟ್ಟು ನಾಲ್ಕು ನಿಮಿಷವಾಯಿತಲ್ಲ, ನಿನಗೆ ಕಾಣಿಸಲಿಲ್ಲವೇ?” ಎಂದಳು.

ಕಾಣಿಸಿರಲಿಲ್ಲ. ದಿಬ್ಬ ಅಡ್ಡ ಬಂದು ಪ್ಯಾಕೆಟ್ಟುಗಳು ನಿಂತುಹೋಗಿದ್ದವು, ಕೊನೆಯ ಚುಕ್ಕೆ ಮಾತ್ರ ಈಗಷ್ಟೇ ಬಂದಂತೆ ಹೊಳೆಯುತ್ತಿತ್ತು. ಚುಕ್ಕೆ ಇಲ್ಲದ ಖಾಲಿ ನಕ್ಷೆಯಾಗಿದ್ದರೆ ನಾನು ಇನ್ನೂ ನಿಧಾನವಾಗಿ ಓಡಿಸುತ್ತಿದ್ದೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಪರದೆಯ ಪ್ರೋಗ್ರಾಮನ್ನೇ ಹೊಸದಾಗಿ ಬರೆದೆ. ಪ್ಯಾಕೆಟ್ಟಿನಲ್ಲಿರುವ ಸಮಯದಿಂದ ಪ್ರತಿ ಸ್ಥಾನದ ವಯಸ್ಸು ತಿಳಿಯುತ್ತದೆ. 30 ಸೆಕೆಂಡಿನವರೆಗೆ ತುಂಬಿದ ಚುಕ್ಕೆ. ಆಮೇಲೆ ಪೊಳ್ಳು ಚುಕ್ಕೆ, ಅದರ ಸುತ್ತ ಒಂದು ವೃತ್ತ. ನಡಿಗೆಯ ವೇಗ ಗಂಟೆಗೆ 5 ಕಿಲೋಮೀಟರ್ ಎಂದು ಹಿಡಿದು ವೃತ್ತ ಸೆಕೆಂಡಿಗೆ 1.4 ಮೀಟರ್ ಹಿಗ್ಗುತ್ತದೆ. ನಾಲ್ಕು ನಿಮಿಷ ಸುದ್ದಿಯಿಲ್ಲದಿದ್ದರೆ ತ್ರಿಜ್ಯ 330 ಮೀಟರ್ ದಾಟಿರುತ್ತದೆ. ಅಂದು ಸಂಜೆ ಇದು ಇದ್ದಿದ್ದರೆ ನನ್ನ ವಾಹನ ಆಗಲೇ ಆ ವೃತ್ತದ ಒಳಗೆ ಇರುತ್ತಿತ್ತು. ಈಗ ವೃತ್ತ ವಾಹನವನ್ನು ಮುಟ್ಟಿದ ಕೂಡಲೇ ಪರದೆ ಕೆಂಪಾಗುತ್ತದೆ, ಪೆಟ್ಟಿಗೆ ಕೂಗುತ್ತದೆ. ವಾಹನ ಹತ್ತಿರ ಬಂದದ್ದು ತಿಳಿಯಲೆಂದು ನಡೆಯುವವರ ಪೆಟ್ಟಿಗೆಗೂ ನಡುಗುವ ಪುಟ್ಟ ಮೋಟರ್ ಸೇರಿಸಿದೆ. ಆದರೂ ಮುಸ್ಸಂಜೆಯ ನಂತರ ಎಲ್ಲರೂ ಬೆಳಕು ಪ್ರತಿಫಲಿಸುವ ಪಟ್ಟಿ ಕಟ್ಟಿಕೊಳ್ಳಲೇಬೇಕು ಎಂದು ಗುಂಪಿನಲ್ಲಿ ಹೇಳಿದ್ದೇನೆ. ರೇಡಿಯೊ ಅದರ ಬದಲಿಗೆ ಅಲ್ಲ.

ಹನ್ನೊಂದನೇ ವಾರ

ದಿಬ್ಬದ ಸಮಸ್ಯೆಗೆ ಖಾಲಿ ಮನೆಗಳು ಉಪಯೋಗಕ್ಕೆ ಬಂದವು. ಎತ್ತರದಲ್ಲಿಟ್ಟ ಒಂಬತ್ತನೇ ಪೆಟ್ಟಿಗೆ ತಾನು ಕೇಳಿದ್ದನ್ನು ಖಾಲಿ ಮನೆಯಲ್ಲಿ ಮತ್ತೆ ಹೇಳುತ್ತದೆ, ಮೂಲ ಸಮಯವನ್ನು ಬದಲಿಸದೆ. ಒಂದು ಕಿಲೋಮೀಟರ್ ಕೊಂಡಿಗೆ ನಡುದಾರಿಯಲ್ಲಿ ಫ್ರೆನೆಲ್ ವಲಯದ, ಅಂದರೆ ನೇರ ದೃಷ್ಟಿರೇಖೆಯ ಸುತ್ತ ಅಲೆ ಹರಡಿಕೊಂಡು ಸಾಗುವ ಜಾಗದ, ತ್ರಿಜ್ಯ 9.3 ಮೀಟರ್, ಅದರಲ್ಲಿ 60 ಶೇಕಡಾ ತೆರವಾಗಿರಬೇಕು. ಹಾಗಾಗಿ ಕಣ್ಣಿಗೆ ಕಂಡರೆ ಸಾಲದು, ಎತ್ತರ ಬೇಕು. ಪೆಟ್ಟಿಗೆಯನ್ನು 6 ಮೀಟರ್ ಬಿದಿರಿನ ತುದಿಗೆ ಕಟ್ಟಿ ದಿಬ್ಬದ ನೆತ್ತಿಯಲ್ಲಿ ನಿಲ್ಲಿಸಿದೆವು.

ನಿನ್ನೆ ಅದೇ ತಿರುವಿನಲ್ಲಿ ತಂಗಿ ಮತ್ತೆ ನಡೆದಳು. ಎರಡು ಗಂಟೆಯಲ್ಲಿ ಅವಳ 360 ಪ್ಯಾಕೆಟ್ಟುಗಳಲ್ಲಿ 347 ತಲುಪಿದವು. ಅತಿ ಉದ್ದದ ಮೌನ 60 ಸೆಕೆಂಡು, ಆಗ ವೃತ್ತ 84 ಮೀಟರಿಗೆ ಹಿಗ್ಗಿತ್ತು. ತಪ್ಪಿದ 13ರಲ್ಲಿ 9 ಒಂದೇ ಜಾಗದವು, ರಸ್ತೆ ತೊರೆಯ ಪಕ್ಕಕ್ಕೆ ಇಳಿಯುವಲ್ಲಿ. ಮುಂದಿನ ವಾರ ಬಿದಿರನ್ನು ಮೂವತ್ತು ಹೆಜ್ಜೆ ತೊರೆಯ ಕಡೆ ಸರಿಸಿ ನೋಡಬೇಕು.