ರೋಮನ್ ರಸ್ತೆ ಸೊಟ್ಟಗಾದ ಜಾಗ

ಮೇ 18, 2024, ಶನಿವಾರ

ಮೊಣಕಾಲು ಇನ್ನೂ ನೋಯುತ್ತಿದೆ. ಮರೆಯುವ ಮೊದಲು ಬರೆದುಬಿಡೋಣ ಅಂತ ಕೂತಿದ್ದೇನೆ.

ಇವತ್ತು ಉತ್ತರ ಇಂಗ್ಲೆಂಡಿನ ಕಂಬ್ರಿಯಾದಲ್ಲಿರುವ ಕ್ರಾಸ್ಬಿ ರೇವನ್ಸ್‌ವರ್ತ್ ಹಳ್ಳಿ ಕಡೆ ಹೋಗಿದ್ದೆವು. ಅಲ್ಲಿ ಗುಡ್ಡದ ಮೇಲೆ ಯೂ ಕ್ಲೋಸ್ ಅಂತ ಒಂದು ಜಾಗವಿದೆ. ರೋಮನ್ನರ ಕಾಲದಲ್ಲಿ ಇಲ್ಲಿನವರೇ ಬಾಳಿದ ಹಳ್ಳಿ. ಈಗ ಮೊಣಕಾಲೆತ್ತರದ, ಹುಲ್ಲು ಮುಚ್ಚಿದ ಕಲ್ಲಿನ ಸಾಲುಗಳು, ಅಷ್ಟೇ.

"ಇದಕ್ಕೇನೇ ಅಷ್ಟು ದೂರದಿಂದ ಬಂದಿದ್ದು?" ಅಂದರು ಇವರು.

"ಸ್ವಲ್ಪ ಸುಮ್ನಿರ್ರೀ" ಅಂದೆ.

ಸ್ವಲ್ಪ ಹೊತ್ತು ನಿಂತು ನೋಡಿದರೆ ಒಂದೊಂದೇ ಬಿಡಿಸಿಕೊಳ್ಳುತ್ತೆ. ದುಂಡಗಿರೋದು ಮನೆ. ಮೂಲೆ ಮೂಲೆಯಾಗಿರೋದು ದೊಡ್ಡಿ, ಅಂಗಳ. ಗೋಡೆಯ ನಡುವೆ ಸಂದು ಬಿಟ್ಟಿದ್ದರೆ ಅದು ಬಾಗಿಲು. ಒಂದು ಕುರಿ ಮರಿ ಸಮೇತ ಗಾಳಿ ಮರೆಗೆ ಗೋಡೆಗೆ ಒತ್ತಿಕೊಂಡು ಮಲಗಿತ್ತು. ಆ ಗೋಡೆ ಈಗಲೂ ಕೆಲಸದಲ್ಲಿದೆ ಅಂದ ಹಾಗಾಯ್ತು!

1907-08ರಲ್ಲಿ ಡಬ್ಲ್ಯು. ಜಿ. ಕಾಲಿಂಗ್‌ವುಡ್ ಅನ್ನುವ ವಿದ್ವಾಂಸರು ಇಲ್ಲಿ ಅಗೆಸಿದ್ದರು. ನನಗೆ ಬೇಕಾಗಿದ್ದು ಮನೆಗಿಂತ ಪಕ್ಕದ ರಸ್ತೆ. ಲೋ ಬರೋಬ್ರಿಡ್ಜ್ ಅನ್ನುವ ರೋಮನ್ ಕೋಟೆಯಿಂದ ಉತ್ತರಕ್ಕೆ ಬ್ರೂಮ್ ಕೋಟೆಗೆ ಹೋಗುವ ಸೈನ್ಯದ ದಾರಿ ಈ ಹಳ್ಳಿಯ ಪಶ್ಚಿಮಕ್ಕೆ ತಾಗಿದ ಹಾಗೇ ಸಾಗುತ್ತೆ. ನೆಟ್ಟಗೆ ಹೋಗುವುದನ್ನು ಬಿಟ್ಟು ಈ ಕಡೆ ವಾಲಿದೆ. ನೂಲು ಹಿಡಿದ ಹಾಗೆ ರಸ್ತೆ ಎಳೆಯುವ ರೋಮನ್ನರು ಒಂದು ಕುರುಬರ ಹಳ್ಳಿಗೋಸ್ಕರ ಸೊಟ್ಟಗಾದರಾ? ಊರು ಮೊದಲಿತ್ತು, ರಸ್ತೆ ಆಮೇಲೆ ಬಂತು ಅನ್ನೋ ವಾದಕ್ಕೆ ಈ ಸೊಟ್ಟವೇ ಆಧಾರ. ರೋಮನ್ ಸೈನ್ಯ ಈ ಸೀಮೆಗೆ ಕಾಲಿಟ್ಟಿದ್ದು ಕ್ರಿ.ಶ. 70ರ ದಶಕದಲ್ಲಿ.

"ಹೆದ್ದಾರಿ ಪಕ್ಕ ಸೈಟು, ಒಳ್ಳೆ ರೇಟು ಬಂದಿರುತ್ತೆ" ಅಂತ ಇವರು ತಮಾಷೆ ಮಾಡಿದರು.

ನನಗೇನೋ ಹಾಗನ್ನಿಸಲ್ಲ. ಸೈನ್ಯದ ರಸ್ತೆ ಮನೆ ಬಾಗಿಲಿಗೆ ಬಂದರೆ ಕಾಳು, ದನ, ತೊಗಲು ಎಲ್ಲಾ ಅದೇ ರಸ್ತೆಯಲ್ಲಿ ಹೊರಡುತ್ತೆ. ವಾಪಸ್ ಏನು ಬಂತು ಅನ್ನೋದೇ ಪ್ರಶ್ನೆ. ಉತ್ತರದ ವಿಂಡೋಲಾಂಡ ಅನ್ನುವ ರೋಮನ್ ಕೋಟೆಯಲ್ಲಿ 1973ರಿಂದ ತೆಳು ಮರದ ಚಕ್ಕೆಗಳ ಮೇಲಿನ ಪತ್ರಗಳು ಸಿಗುತ್ತಾ ಬಂದಿವೆ. ಒಂದರಲ್ಲಿ ಆಕ್ಟೇವಿಯಸ್ ಅನ್ನುವವನು ಕ್ಯಾಂಡಿಡಸ್‌ಗೆ ಗೋಗರೆಯುತ್ತಾನೆ: ಸುಮಾರು 5,000 ಮೋಡಿಯಸ್ (ಕಾಳು ಅಳೆಯುವ ರೋಮನ್ ಅಳತೆ) ತೆನೆ ಕೊಂಡಿದ್ದೇನೆ, ಕಡಿಮೆ ಅಂದರೂ 500 ದಿನಾರಿ (ರೋಮನ್ ಬೆಳ್ಳಿ ನಾಣ್ಯ) ಕಳಿಸು, ಇಲ್ಲದಿದ್ದರೆ ಕೊಟ್ಟ ಮುಂಗಡವೂ ಹೋಗುತ್ತೆ, ಮಾನವೂ ಹೋಗುತ್ತೆ. ತೊಗಲು ಕ್ಯಾಟರಿಕ್ ಅನ್ನೋ ಊರಿನಲ್ಲೇ ಬಿದ್ದಿದೆಯಂತೆ. ಯಾಕೆ ತರಲಿಲ್ಲ? ರಸ್ತೆ ಕೆಟ್ಟಿದೆ, ಎಳೆಯೋ ಪ್ರಾಣಿಗಳಿಗೆ ಪೆಟ್ಟಾಗುತ್ತೆ ಅಂತ! ರೋಮನ್ ರಸ್ತೆ ಅಂತ ಜಗತ್ತೇ ಹೊಗಳುತ್ತೆ, ಅಲ್ವಾ?

ಇನ್ನೊಂದು ಚಕ್ಕೆಯಲ್ಲಿ ಸ್ಥಳೀಯರನ್ನು 'ಬ್ರಿಟ್ಟುಂಕುಲಿ' ಅಂತ ಕರೆದಿದ್ದಾರೆ. ಪುಟಗೋಸಿ ಬ್ರಿಟನ್ನರು ಅಂತ ಇಟ್ಟುಕೊಳ್ಳಿ. ಆದರೆ ಆ ಪುಟಗೋಸಿಗಳು ಬರೆದ ಪತ್ರ ಒಂದೂ ಯೂ ಕ್ಲೋಸ್‌ನಲ್ಲಿಲ್ಲ. ಕಲ್ಲು ನೋಡಿಕೊಂಡೇ ಊಹೆ ಮಾಡಬೇಕು.

ವಾಪಸ್ ಬರುವಾಗ ಟೀಬೆ ಹತ್ತಿರದ ಕಣಿವೆ. ಲೋ ಬರೋಬ್ರಿಡ್ಜ್ ಕೋಟೆಯ ದಿಬ್ಬ, ರೈಲು ಹಳಿ, ಎಂ6 ಮೋಟಾರ್‌ವೇ ಎಲ್ಲಾ ಒಂದೇ ಇಕ್ಕಟ್ಟಿನಲ್ಲಿ ನುಸುಳಿವೆ. ಅದಕ್ಕೂ ಮೊದಲು, ಹಳ್ಳಿಯ ಓಣಿಯಲ್ಲಿ, ಒಂದು ಕುರಿ ಹಿಂಡು ಅಡ್ಡ ಬಂದು ಹತ್ತು ನಿಮಿಷ ನಿಂತಿದ್ದೆವು. ಹಿಂಡಿನವನು ನಮ್ಮತ್ತ ಒಂದೇ ಒಂದು ಬೆರಳೆತ್ತಿದ. ಥ್ಯಾಂಕ್ಸ್ ಅಂತಲೋ, ಇರಿ ಅಂತಲೋ. ಇವರು ಎಂಜಿನ್ ಆಫ್ ಮಾಡಿದರು.